ಬರೆದ ದೆವ್ವ ಚಂದಮ್ಮಗೆ ಯೋಗ್ಯವೇ?

ಶಹಾಪುರದ ಡೇರೆ ಸಿನಿಮಾದ ಮಕ್ಕಳ ಹಿತ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರಲ್ಲಿ ಮಾನ್ಯರೇ, ಊರ ತಾಯಂದಿರ ಪರವಾಗಿ ತಮಗೂ ತಮ್ಮ ಕುರ್ಚಿಗೂ ಶರಣು ಶರಣಾರ್ಥಿ.

ಮೊದಲು, ತಾವು ಕೊಟ್ಟ ಮಾತು. ಬರೆದ ಗೊಂಬೆಗಳು ತಾವೇ ಕುಣಿಯುವ, ಪಾಳುಮನೆಯ ದೆವ್ವಗಳ ಸಿನಿಮಾ ಬಂದಿದೆ, ಮಕ್ಕಳೆಲ್ಲ ಬರಬಹುದು ಎಂದು ಡಂಗುರ ಸಾರಿಸಿದಿರಿ. ಎಳೆಯ ಮಕ್ಕಳಿಗೆ ಅದು ಒಗ್ಗುತ್ತದೋ ಇಲ್ಲವೋ ಎಂಬುದನ್ನು ತಾಯಂದಿರೇ ಒಂದು ಆಟ ಮುಂಚಿತವಾಗಿ ನೋಡಿ ತೀರ್ಮಾನಿಸಲಿ ಎಂದಿರಿ. ಹೆಂಗಸರಿಗೆಂದು ಪರದೆ ಕಟ್ಟಿದ ಭಾಗವನ್ನು ಆ ದಿನ ನಮಗೇ ಬಿಡುತ್ತೇವೆ ಎಂದಿರಿ. ಇನ್ನು ಆದದ್ದು. ತಾಯಂದಿರ ಆಟ ರದ್ದಾಯಿತು. ಹೆಂಗಸರ ಭಾಗದಲ್ಲಿ ಸಮಿತಿಯ ಗಂಡಸರು ಕುರ್ಚಿ ಹಾಕಿಸಿಕೊಂಡು ತಾವೇ ನೋಡಿದರು. ಮರುದಿನ ಡೇರೆಯ ಬಾಗಿಲಿಗೆ ಹಲಗೆ ಬಿತ್ತು: ಎಳೆಯ ಮಕ್ಕಳಿಗೆ ಯೋಗ್ಯವಲ್ಲ, ಪ್ರವೇಶವಿಲ್ಲ.

ತಮ್ಮ ತ್ಯಾಗಕ್ಕೆ ನಾವು ಎಷ್ಟು ಕೈಮುಗಿದರೂ ಕಡಿಮೆಯೇ. ಮಕ್ಕಳು ಹೆದರಬೇಕಾದದ್ದನ್ನೂ ತಾವೇ ಹೆದರಿ ಮುಗಿಸಿದ್ದೀರಿ. ಡೇರೆಯ ಬಟ್ಟೆಗೆ ಗುಟ್ಟು ಕಾಯುವ ಅಭ್ಯಾಸವಿಲ್ಲದ ಕಾರಣ ಹೊರಗೆ ಕಾಯುತ್ತಿದ್ದ ನಮಗೆ ಎಲ್ಲವೂ ಕೇಳಿಸಿತು. ಸಮಿತಿಯ ಹಿರಿಯ ಸದಸ್ಯರೂ ಅರಿವೆ ಅಂಗಡಿಯ ಸಾಹುಕಾರರೂ ಆದ ಅಮರಪ್ಪನವರು ಇದ್ದಕ್ಕಿದ್ದಂತೆ, "ಏ ಮಕ್ತುಮಸಾಬ, ಬತ್ತಿ ಹಚ್ಚೋ ಮಾರಾಯ!" ಎಂದು ಕೂಗಿದರು. ಮಷೀನು ತಿರುಗಿಸುವ ಮಕ್ತುಮಸಾಬ, "ಸಾವ್ಕಾರ್ರ, ಅದು ಬರೇ ಮಸಿ ಐತ್ರಿ, ಕಾಗದದ ಮ್ಯಾಲ ಬರದದ್ದು" ಎಂದ. "ಆ ಮಸಿಯs ನಗಾಕತ್ತೈತಲ್ಲೋ, ಅದಕ್ಕs ಹೇಳಾಕತ್ತೇನಿ!" ಎಂದರು ಸಾಹುಕಾರರು. ಇಷ್ಟು ಆಳವಾದ ಪರಿಶೀಲನೆ ಗುಲ್ಬರ್ಗಾದಲ್ಲೂ ನಡೆದಿರಲಾರದು.

ಸಿನಿಮಾ ಎಲ್ಲ ಮಕ್ಕಳಿಗೂ ಯೋಗ್ಯ ಎಂದು ನಾವು ವಾದಿಸುತ್ತಿಲ್ಲ. ನನ್ನ ಮೊಮ್ಮಗ ಕ್ಷೌರಿಕನ ಪೆಟ್ಟಿಗೆ ಕಂಡರೇ ಮಂಚದ ಕೆಳಗೆ ಸೇರುತ್ತಾನೆ. ಅವನನ್ನು ಎತ್ತಿನ ಗಾಡಿ ಕಟ್ಟಿ ಕರೆದರೂ ಕಳಿಸುವವಳಲ್ಲ. ಕುರಿಗಾರರ ರೇಣಮ್ಮನ ಮಗಳು ಚಂದಮ್ಮ, ಇನ್ನೂ ಐದು ತುಂಬದವಳು, ಹಟ್ಟಿಗೆ ತೋಳ ಬಂದರೆ ಡಬ್ಬಿ ಬಡಿದು ಬೈಯುವವಳು. ಅವಳ ಮಾತೇ ಬೇರೆ ಎನ್ನೋಣವೆಂದರೆ ಅಲ್ಲಿಯೂ ಒಂದು ತೊಡಕಿದೆ. ಅವಳನ್ನು ಸಾಕಿದ ಅಜ್ಜಿ ಬಾಲಮ್ಮ ಈ ಜೋಳದ ಸುಗ್ಗಿಯಲ್ಲಿ ತೀರಿಕೊಂಡಳು. ಸಿನಿಮಾದಲ್ಲಿ ಒಂದು ಮುದುಕಿ ದೆವ್ವವೂ ಇದೆ ಎಂದು ಡಂಗುರದವನು ಸಾರಿದ ದಿನದಿಂದ ಹುಡುಗಿ, "ಯವ್ವಾ, ನಮ್ಮ ಆಯಿ ಅದರಾಗ ಬಂದಾಳೇನ? ನಡಿ, ಮಾತಾಡ್ಸಿ ಬರಮು" ಎಂದು ಸೆರಗು ಹಿಡಿದು ಜಗ್ಗುತ್ತಿದ್ದಾಳೆ. ರೇಣಮ್ಮ ನನ್ನ ಮುಂದೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಕ್ಕಾ, ಆ ಮುದುಕಿ ಅದರಾಗ ಬೈತಾಳೋ ಲಾಲಿ ಹಾಡ್ತಾಳೋ, ನಾ ಒಮ್ಮಿ ಕಣ್ಣಿಲೆ ನೋಡಬೇಕ. ಬೈದ್ರ ಹುಡುಗಿನ್ನ ಈ ಕಡಿ ಸುಳಿಗೊಡಂಗಿಲ್ಲ. ಹಾಡಿದ್ರ ಮುಂದಿನ ಸಾಲಿನ್ಯಾಗs ಕುಂದ್ರಸ್ತೀನಿ."

ಮಾನ್ಯರೇ, ತಮ್ಮ ಸಮಿತಿ ಕೇಳಲು ಮರೆತ ಪ್ರಶ್ನೆ ಇದೊಂದೇ. ತಾವು ದೆವ್ವದ ಹಲ್ಲು ಎಣಿಸಿದಿರಿ, ದನಿ ಅಳೆದಿರಿ; ಯಾವ ಕೂಸಿನ ಮನೆಯಲ್ಲಿ ಏನಾಗಿದೆ ಎಂದು ಕೇಳಲಿಲ್ಲ. ಅದನ್ನು ಬಲ್ಲವಳನ್ನು ಬಾಗಿಲ ಹೊರಗೆ ನಿಲ್ಲಿಸಿದಿರಿ.

ಹಟ್ಟಿಯ ಹೆಂಗಸರು ಉಣ್ಣೆ ನೂಲುವ ಹೊತ್ತಿನಲ್ಲಿ ದೆವ್ವದ ಕಥೆ ಹೇಳುವ ರೂಢಿ ತಮಗೆ ತಿಳಿದಿರಲಾರದು. ಕೇಳುವ ಮಗು ಪಕ್ಕದ ಕಥೆಗಾರ್ತಿಯ ಕಿರುಬೆರಳು ಹಿಡಿದು ಕೂಡುತ್ತದೆ. ಮಗು ಬೆರಳು ಬಿಗಿಹಿಡಿದರೆ ದೆವ್ವ ಅಲ್ಲೇ ನಿಲ್ಲಬೇಕು. ಸೀನಬೇಕು, ಜಾರಿ ಸಗಣಿಯಲ್ಲಿ ಬೀಳಬೇಕು, ಕುಡಿಯಲು ನೀರು ಕೇಳಬೇಕು. ಹಿಡಿತ ಸಡಿಲವಾದರೆ ಕಥೆ ಮುಂದೆ. ಹೀಗೆ ಎಷ್ಟು ದೆವ್ವ ಯಾವ ಮಗುವಿಗೆ ಎಂಬ ಲೆಕ್ಕ ಬೆರಳಿಗೆ ಗೊತ್ತು, ಸಮಿತಿ ಬೇಕಿಲ್ಲ. ಆದ್ದರಿಂದ ನಮ್ಮ ವಿನಮ್ರ ಬೇಡಿಕೆ: ಹೆಂಗಸರ ಭಾಗದಿಂದ ಮಷೀನಿನವರೆಗೆ ಒಂದು ಉಣ್ಣೆ ದಾರ ಎಳೆಯಲು ಅಪ್ಪಣೆಯಾಗಲಿ, ಒಂದು ತುದಿ ಕೂಸಿನ ಬೆರಳಿಗೆ, ಇನ್ನೊಂದು ಮಕ್ತುಮಸಾಬನ ಬೆರಳಿಗೆ. ಅವನು ಆಗಲೇ ಒಪ್ಪಿದ್ದಾನೆ. "ಕಟ್ಟರೆವ್ವ, ಜಗ್ಗಿದ ಕೂಡ್ಲೆ ನಿಂದ್ರಸ್ತೀನಿ. ಭಾಳೊತ್ತು ಹಿಡೀಬ್ಯಾಡ್ರಿ ಮತ್ತ, ರೀಲ್ ಸುಟ್ಟು ದೆವ್ವ ಖರೇನs ಸತ್ತೀತು." ಇದು ಆಗದಿದ್ದರೆ, ಪ್ರತಿ ದೆವ್ವವೂ ಹೊರಗೆ ಜಿಗಿಯುವ ಮುಂಚೆ ಎರಡು ಸಲ ಕೆಮ್ಮತಕ್ಕದ್ದು ಎಂದು ತಮ್ಮ ಸಹಿಯಲ್ಲಿ ಹುಕುಂ ಹೊರಡಿಸಿ. ತಮ್ಮ ಸಹಿಗೆ ಹೆದರದ ದೆವ್ವ ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಇನ್ನೊಂದು ಮಾತು, ಬಿರುಸಾಗಿಯೇ ಹೇಳುತ್ತೇನೆ. ನಿಜಾಮರ ಕಾಲದಲ್ಲಿ ನಾಲ್ಕು ಜನ ಸೇರುವುದಕ್ಕೆ ಅಪ್ಪಣೆ ಬೇಕಿತ್ತು. ಅದನ್ನು ಕಿತ್ತೆಸೆಯಲು ಗಡಿಯ ಹೋರಾಟದ ಶಿಬಿರಗಳಲ್ಲಿ ಒಲೆಯ ಹೊಗೆ ಕುಡಿದು ರೊಟ್ಟಿ ಬಡಿದವರು ನಾವು. ಮೊನ್ನೆಯ ಚುನಾವಣೆಯಲ್ಲಿ ಇದೇ ಕೈಗಳು ಪೆಟ್ಟಿಗೆಗೆ ಚೀಟಿ ಹಾಕಿ ಸರಕಾರ ಆರಿಸಿದವು. ಆಗ ಯಾವ ಸಮಿತಿಯೂ ಸರಕಾರವನ್ನು ತಾನು ಮೊದಲು ನೋಡಿ, ಇದು ಹೆಂಗಸರ ಕೈಗೆ ಯೋಗ್ಯವಲ್ಲ ಎಂದು ಹಲಗೆ ಹಾಕಲಿಲ್ಲ. ದೇಶ ಆರಿಸಬಲ್ಲವಳು ತನ್ನ ಕೂಸಿಗೆ ಒಂದು ಸಿನಿಮಾ ಆರಿಸಲಾರಳೇ? ಡೇರೆ ಕಿತ್ತು ಸುರಪುರಕ್ಕೆ ಹೊರಡುವ ಮುಂಚೆ ತಾಯಂದಿರಿಗೆ ಒಂದು ಆಟ ತೋರಿಸಿ. ಮುದುಕಿ ಹಾಡುತ್ತಾಳೋ ಬೈಯುತ್ತಾಳೋ ರೇಣಮ್ಮ ನೋಡಲಿ. ಅವಳು ಬೇಡವೆಂದರೆ ಬೇಡ. ಆ ಬೇಡ ಅವಳದಾಗಿರಲಿ.

ತಮ್ಮ ಮೇಲೆ ಇನ್ನೂ ಒಂದು ಚಿಟಿಕೆ ವಿಶ್ವಾಸ ಉಳಿಸಿಕೊಂಡಿರುವ,
ಸೂಗಮ್ಮ,
ತಾಯಂದಿರ ಸಂಘ, ಶಹಾಪುರ

ಮರೆತಿದ್ದೆ: ಡೇರೆ ತೆರೆಯದಿದ್ದರೆ ನಾವೂ ಒಂದು ಪರಿಶೀಲನೆ ಇಟ್ಟುಕೊಂಡಿದ್ದೇವೆ. ತಮ್ಮ ಸಮಿತಿಯು ಎಳೆಯ ಮಕ್ಕಳು ನೋಡಲು ಯೋಗ್ಯವೇ ಎಂಬುದು ವಿಷಯ. ಸದಸ್ಯರೆಲ್ಲರೂ ಸಂತೆಕಟ್ಟೆಯ ಮೇಲೆ ಸಾಲಾಗಿ, ಬಿಸಿಲಿಗೆ ಮುಖಮಾಡಿ ಕೂಡಬೇಕು. ಊರ ಮಕ್ಕಳೆಲ್ಲ ಬಂದು ನೋಡುತ್ತಾರೆ. ಅತ್ತವರನ್ನು ಮನೆಗೆ ಕಳಿಸಿ, ನಕ್ಕವರ ಮುಂದೆ ತೀರ್ಪು ಓದುತ್ತೇವೆ. ಬರುವ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ.