ಸೌತೆಬಳ್ಳಿಗೆ ನಾನು ಮಾಡಿದ ಉಪಚಾರ

ಈ ಸಲದ ರಾಮನವಮಿಗೆ ನಮ್ಮ ರಸ್ತೆಯವರು ಯಾರೂ ಒಂದೇ ಒಂದು ಸೌತೆಕಾಯಿಯನ್ನೂ ಕೊಳ್ಳಕೂಡದು ಎಂದು ನಾನು ವಾಟ್ಸಾಪ್ ಗುಂಪಿನಲ್ಲಿ ಘೋಷಣೆ ಹೊರಡಿಸಿದಾಗ, ನಮ್ಮ ಟೆರೇಸಿನ ಸೌತೆಬಳ್ಳಿಗಳಿಗೆ ಇನ್ನೂ ಸರಿಯಾಗಿ ನಾಲ್ಕು ಎಲೆ ಮೂಡಿರಲಿಲ್ಲ. ಆದರೇನು? ಹೈಸ್ಕೂಲಿನಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಬೋಧಿಸಿ ನಿವೃತ್ತಳಾದವಳು ನಾನು. ಯಕಶ್ಚಿತ್ ಒಂದು ಸೌತೆಕಾಯಿ ನನ್ನ ಮಾತು ಮೀರುವುದುಂಟೇ!

ಪದ್ಮನಾಭನಗರದ ನಮ್ಮ ರಸ್ತೆಯಲ್ಲಿ ಪ್ರತಿವರ್ಷ ಶಾಮಿಯಾನ ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತೇವೆ. ಹೋಗಿ ಬರುವ ಬಸ್ಸಿನವರು, ಆಟೋದವರು ಎಲ್ಲರೂ ದೊನ್ನೆ ಹಿಡಿದು ನಿಲ್ಲುತ್ತಾರೆ. ಪಕ್ಕದ ಮನೆಯ ಜಲಜಮ್ಮನವರಿಗೆ ನನ್ನ ಘೋಷಣೆ ಓದಿ ಗಾಬರಿಯಾಯಿತು. ಕಾಂಪೌಂಡಿನ ಆಚೆಯಿಂದಲೇ ಕೇಳಿದರು.

"ವಿಮಲಾ ಅವ್ರೇ, ಅಷ್ಟೂ ಜನಕ್ಕೆ ಆಗತ್ತೇನ್ರೀ?"

"ಆಗೋದೇನು, ಮಿಕ್ಕಿದ್ದನ್ನ ಪಕ್ಕದ ಚಿಕ್ಕಲಸಂದ್ರಕ್ಕೂ ಕಳಿಸೋಣ," ಎಂದೆ.

ನನ್ನ ಮಾನವೆಲ್ಲ ಆ ಕುಂಡಗಳಿಗೆ ಜೋತುಬಿದ್ದದ್ದು ಆ ಕ್ಷಣದಿಂದ. ಸೊರಗಿದ್ದ ಒಂದು ಸಸಿಯನ್ನು ಅಂದೇ ಕಿತ್ತು ಕಾಂಪೌಂಡಿನಾಚೆ ಎಸೆದೆ.

ಅಂಗಡಿಯ ಗೊಬ್ಬರ ಮುಟ್ಟುವುದಿಲ್ಲ, ಎಲ್ಲವೂ ಮನೆಯಲ್ಲೇ ತಯಾರಾಗಬೇಕು ಎಂಬುದು ನನ್ನ ವ್ರತ. ಮೊದಲು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು. ಸಿಪ್ಪೆ ಬೇಕೆಂದರೆ ಯಾರಾದರೂ ಹಣ್ಣು ತಿನ್ನಬೇಕಲ್ಲ? ಮನೆಯಲ್ಲಿ ಇದ್ದವರು ನಮ್ಮ ಯಜಮಾನರೊಬ್ಬರೇ. ತಿಂಡಿಗೆ ಮುಂಚೆ, ಊಟದ ನಂತರ, ಕಾಫಿಯ ಜೊತೆ ಹೀಗೆ ಅವರಿಗೆ ಬಾಳೆಹಣ್ಣಿನ ಸೇವೆ ಸಾಂಗವಾಗಿ ನಡೆಯಿತು.

"ಲೇ, ಗೊಬ್ಬರ ಹಾಕ್ತಿರೋದು ಗಿಡಕ್ಕೋ ನನಗೋ?" ಎಂದರು ಒಂದು ದಿನ.

"ನೀವು ಬರೀ ಸಿಪ್ಪೆ ಕೊಡಿ ರೀ, ಪ್ರಶ್ನೆ ಬೇಡ," ಎಂದೆ.

ಎರಡನೆಯದು ಮೊಟ್ಟೆಚಿಪ್ಪಿನ ಪುಡಿ. ಹಬ್ಬದ ದಿನ ಈರುಳ್ಳಿಗೂ ಪ್ರವೇಶವಿಲ್ಲದ ಮನೆ ನಮ್ಮದು. ಆದರೂ ಬಳ್ಳಿಗೆ ಕ್ಯಾಲ್ಸಿಯಂ ಬೇಕೆಂದು ಮೊಬೈಲಿನಲ್ಲಿ ಯಾರೋ ಕೈಮುಗಿದು ಹೇಳಿದ್ದರು. ಬೇಕರಿಯಲ್ಲಿ ಸುತ್ತಮುತ್ತ ನೋಡಿ, ಕದ್ದ ಮಾಲು ಕೇಳುವ ಹಾಗೆ ಚಿಪ್ಪು ಕೇಳಿ, ದೇವಸ್ಥಾನಕ್ಕೆ ಒಯ್ಯುವ ಚೀಲದಲ್ಲೇ ತಂದೆ. ಮೂಲೆಗೆ ಹಾಕಿದ್ದ ಹಳೇ ಮಿಕ್ಸಿ ಜಾರಿನಲ್ಲಿ ನುಣ್ಣಗೆ ಪುಡಿ ಮಾಡಿ ಡಬ್ಬಕ್ಕೆ ತುಂಬಿ ಟೆರೇಸಿನ ಮೆಟ್ಟಿಲ ಮೇಲಿಟ್ಟೆ.

ಮಾರನೆಯ ದಿನ ಶುಕ್ರವಾರ. ಹೊಸಿಲ ಮುಂದೆ ಎಂದೂ ಕಾಣದಂಥ ಬೆಳ್ಳನೆಯ ರಂಗೋಲಿ ಬಿದ್ದಿತ್ತು!

"ನಿಂಗಮ್ಮ, ಯಾವ ಡಬ್ಬದಿಂದ ತಗೊಂಡೆ?"

"ಮೆಟ್ಲ ಮೇಲಿತ್ತಲ್ಲಮ್ಮ, ಅದ್ರಿಂದ. ಸಖತ್ತಾಗ್ ಬಂತು!" ಎಂದಳು ನಮ್ಮ ಕೆಲಸದ ನಿಂಗಮ್ಮ.

ಅದನ್ನು ಒರೆಸಲು ನಾನು ಬಗ್ಗುವುದಕ್ಕೂ ಜಲಜಮ್ಮ ಗೇಟಿನ ಬಳಿ ಬರುವುದಕ್ಕೂ ಸರಿಹೋಯಿತು. "ಎಷ್ಟು ಬೆಳ್ಳಗಿದೇರೀ! ನಮ್ಮ ದೇವರಮನೆಗೂ ಒಂದು ಬಟ್ಲು ಕೊಡಿ," ಎಂದು ಬಟ್ಟಲು ಚಾಚಿದರು. ಒಳಗೆ ಓಡಿ ಮಾಮೂಲಿ ರಂಗೋಲಿ ಪುಡಿ ತುಂಬಿ ತಂದುಕೊಟ್ಟೆ. ಸಂಜೆ ಅವರು, "ಅದೇಕೋ ನಿಮ್ಮ ಕೈಗೆ ಬಂದಷ್ಟು ಬೆಳ್ಳಗೆ ನಮಗೆ ಬರಲಿಲ್ಲ," ಎಂದು ಬೇಜಾರು ಮಾಡಿಕೊಂಡರು. ದೇವರ ದಯೆ, ಬರಲಿಲ್ಲ!

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಬಳ್ಳಿಗಳು ಹಬ್ಬತೊಡಗಿದವು, ನನ್ನ ಉತ್ಸಾಹ ಅವಕ್ಕಿಂತ ಬೇಗ ಹಬ್ಬಿತು. ಜೀವಾಮೃತ ಮಾಡಿಯೇ ತೀರುವುದೆಂದು ನಿರ್ಧರಿಸಿದೆ. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಒಂದು ಹಿಡಿ ಮಣ್ಣು. ಎಲ್ಲವನ್ನೂ ಡ್ರಮ್ಮಿನಲ್ಲಿ ಕಲಸಿ ಬೆಳಿಗ್ಗೆ ಸಂಜೆ ಕೋಲಿನಿಂದ ತಿರುಗಿಸುತ್ತಿರಬೇಕು. ಹಸು ಸಾಕಿದವರ ಮನೆಯಿಂದ ಮೊದಲೆರಡು ಪದಾರ್ಥ ತರುವ ಗೌರವ ಯಜಮಾನರದು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬಕೆಟ್ ಇಟ್ಟುಕೊಂಡು ಹೊರಟರು. ನಮ್ಮ ಬಡಾವಣೆಯ ರೋಡ್ ಹಂಪುಗಳ ಬಗ್ಗೆ ನಿಮಗೆ ಗೊತ್ತೇ ಇದೆ. ಮನೆ ಸೇರಿದಾಗ ಬಕೆಟ್ಟಿನಲ್ಲಿ ಅರ್ಧ ಇತ್ತು, ಉಳಿದರ್ಧ ಅವರ ಪ್ಯಾಂಟಿನ ಮೇಲಿತ್ತು.

"ನಿನ್ನ ಕೋಸಂಬರಿಗೊಂದು ದೊಡ್ಡ ನಮಸ್ಕಾರ," ಎಂದವರೇ ನೇರವಾಗಿ ಬಚ್ಚಲಿಗೆ ನಡೆದರು.

ಒಂದು ಮಗ್ ಜೀವಾಮೃತಕ್ಕೆ ಹತ್ತು ಮಗ್ ನೀರು ಬೆರೆಸಿ ಹಾಕಿ ಎಂದು ವಿಡಿಯೋದವರು ಹೇಳಿದ್ದರು. ಹತ್ತು ಮಗ್! ನೀರು ಸಾರು ಬಡಿಸಿದವರ ಮನೆಗೆ ಎರಡನೇ ಸಲ ಊಟಕ್ಕೆ ಹೋಗದಿದ್ದ ತಾಯಿಯ ಮಗಳು ನಾನು. ಮನೆಗೆ ಬಂದವರು ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ತುಪ್ಪ ಸುರಿಯುವ ವಂಶ ನಮ್ಮದು. ನೀರು ಬೆರೆಸಿ ಕೊಟ್ಟರೆ ಬಳ್ಳಿ ಏನೆಂದುಕೊಂಡೀತು? ಗಟ್ಟಿಯಾಗಿಯೇ ಸುರಿದೆ. ಕುಂಡದಿಂದ ಉಕ್ಕಿ ಹರಿಯುವವರೆಗೂ ಸುರಿದೆ.

ಮೂರನೇ ದಿನಕ್ಕೆ ರಸ್ತೆಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡತೊಡಗಿದರು. ಜಲಜಮ್ಮ ತಮ್ಮ ಮನೆಯ ಒಳಚರಂಡಿ ಚೇಂಬರ್ ಬ್ಲಾಕ್ ಆಗಿದೆಯೆಂದು ಮಷೀನಿನವರನ್ನು ಕರೆಸಿದರು. ಅವರು ಮುಚ್ಚಳ ತೆಗೆದು, ಪೈಪು ತೂರಿಸಿ, ಇಣುಕಿ ನೋಡಿ, "ಮೇಡಂ, ಒಳಗಡೆ ಎಲ್ಲ ಕ್ಲೀನ್ ಇದೆ. ವಾಸ್ನೆ ಮೇಲಿಂದ ಬರ್ತಿದೆ!" ಎಂದರು. ಅಲ್ಲಿ ನೆರೆದಿದ್ದವರೆಲ್ಲ ಆಕಾಶ ನೋಡಿದರು. ನಾನೂ ಸೆರಗನ್ನು ಮೂಗಿಗೆ ಹಿಡಿದು ಬಹಳ ಕಾಳಜಿಯಿಂದ ಆಕಾಶ ನೋಡಿದೆ.

ಇತ್ತ ಬಳ್ಳಿಗಳ ವೈಭವ ಹೇಳತೀರದು. ಒಂದೊಂದು ಎಲೆಯೂ ಊಟದ ತಟ್ಟೆಯಷ್ಟು! ಹಳದಿ ಹೂವುಗಳು ನೂರಾರು. ಆದರೆ ಅಷ್ಟೂ ಗಂಡು ಹೂವು. ಒಬ್ಬ ವಧುವೂ ಇಲ್ಲದ ವಧೂವರರ ಸಮಾವೇಶ! ಹೆಣ್ಣು ಹೂವಿಗಾಗಿ ಭೂತಗನ್ನಡಿ ಹಿಡಿದು ಹುಡುಕಿದೆ. ಹಸಿದಿರಬಹುದೆಂದು ಇನ್ನೊಂದು ಸುತ್ತು ಜೀವಾಮೃತ ಬಡಿಸಿದೆ. ಎಲೆಗಳ ಅಂಚು ಸುಟ್ಟು ಕಂದಾದವು, ಹೂವುಗಳು ಪಟಪಟನೆ ಉದುರಿದವು. ಹಬ್ಬಕ್ಕೆ ಎರಡೇ ದಿನ ಉಳಿದಾಗ ನನ್ನ ತೋಟದ ಒಟ್ಟು ಫಸಲು ಸೊನ್ನೆ. ನಿಜವಾಗಿಯೂ ಅಳು ಬಂತು.

"ಹೋಗ್ಲಿ ಬಿಡೆ, ಮಾರ್ಕೆಟ್ಟಿಂದ ಒಂದು ಮೂಟೆ ತಂದುಬಿಡ್ತೀನಿ," ಎಂದರು ಯಜಮಾನರು.

"ತಂದು? ಇಡೀ ರಸ್ತೆ ನೋಡೋ ಹಾಗೆ ಮೂಟೆ ಇಳಿಸ್ತೀರಾ?"

ಬೇರೆ ದಾರಿ ಇರಲಿಲ್ಲ. ಎಲ್ಲರಿಗಿಂತ ಮೊದಲು ಜಲಜಮ್ಮನವರ ಮುಂದೆ ಸೋಲು ಒಪ್ಪಿಕೊಂಡುಬಿಡೋಣವೆಂದು ಅವರ ಮನೆಗೆ ಹೋದೆ. "ಕಾಯಿ ಕಚ್ಚಲಿಲ್ಲ ಜಲಜಮ್ಮ," ಎಂದು ಶುರು ಮಾಡುವಷ್ಟರಲ್ಲಿ ಅವರು ನನ್ನ ಕೈಹಿಡಿದು ಹಿತ್ತಲಿಗೆ ಕರೆದೊಯ್ದರು.

ಬಟ್ಟೆ ಒಣಗಿಸುವ ತಂತಿಯ ಉದ್ದಕ್ಕೂ ಸೌತೆಬಳ್ಳಿ! ಎಳೆ ಎಳೆಯ ಕಾಯಿಗಳು ಒಂದರ ಪಕ್ಕ ಒಂದು ತೂಗುತ್ತಿದ್ದವು.

"ಸೊರಗಿದೆ ಅಂತ ನೀವು ಕಿತ್ತು ಈ ಕಡೆ ಎಸೆದ್ರಲ್ಲ, ಅದೇ ಸಸಿ," ಎಂದರು. "ಪಾಪ ಅನ್ನಿಸ್ತು, ಇಲ್ಲೇ ಊರಿದೆ."

ಊರಿದ ಜಾಗ ನೋಡಿದೆ. ಸರಿಯಾಗಿ ನಮ್ಮ ಟೆರೇಸಿನ ನೀರು ಇಳಿಯುವ ಪೈಪು ಒಡೆದು ಅವರ ಕಡೆ ತೊಟ್ಟಿಕ್ಕುವ ಜಾಗ. ನನ್ನ ಬಾಳೆಸಿಪ್ಪೆ, ನನ್ನ ಜೀವಾಮೃತ, ಎಲ್ಲವೂ ಕುಂಡ ತುಂಬಿ ಹರಿದು, ಟೆರೇಸ್ ತೊಳೆದ ನೀರಿನಲ್ಲಿ ಹದವಾಗಿ ಬೆರೆತು ಬಂದು ಸೇರಿದ್ದು ಇಲ್ಲಿಗೆ! ಇದು ನನ್ನ ಗೊಬ್ಬರದ ಮಹಿಮೆ ಎಂದು ಕೂಗಬೇಕೆನಿಸಿತು. ಕೂಗಿದರೆ ಆ ವಾಸನೆಯೂ ನನ್ನದೇ ಎಂದು ಒಪ್ಪಿಕೊಂಡಂತಾಗುತ್ತದೆ. ಹಬ್ಬಕ್ಕೆ ಸಾಕಾದೀತೇ ಎಂದು ಕಾಯಿ ಎಣಿಸತೊಡಗಿದೆ.

ರಾಮನವಮಿಯ ದಿನ ಕೋಸಂಬರಿ ತಿಂದವರೆಲ್ಲ ಜಲಜಮ್ಮನನ್ನು ಹೊಗಳಿದ್ದೇ ಹೊಗಳಿದ್ದು. "ಏನು ಗೊಬ್ಬರ ಹಾಕಿದ್ರಿ ಆಂಟಿ?" ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ನಾನೇನೂ ಹಾಕ್ಲಿಲ್ಲಮ್ಮ, ತಾನಾಗೇ ಬಂತು."

ಜನ ಕಡಿಮೆಯಾದ ಮೇಲೆ ತಡೆಯಲಾರದೆ ಅವರ ಹತ್ತಿರ ಸರಿದು, "ಜಲಜಮ್ಮ, ಆ ವಾಸನೆ ಇತ್ತಲ್ಲ..." ಎಂದೆ ಮೆಲ್ಲಗೆ.

"ನಿಮ್ಮ ಡ್ರಮ್ಮಿಂದು. ಮಷೀನ್‌ನೋರು ಮೇಲಿಂದ ಅಂದ್ರಲ್ಲ, ಅವತ್ತೇ ನಮ್ಮ ಟೆರೇಸ್ ಹತ್ತಿ ನೋಡ್ದೆ. ಕೋಲು ತಿರುಗಿಸ್ತಾ ಇದ್ರಿ."

"ಅಯ್ಯೋ! ಮತ್ತೆ ಯಾಕ್ರೀ ಒಂದು ಮಾತು ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಿ," ಎಂದರು ಜಲಜಮ್ಮ, ಕೋಸಂಬರಿ ಬಡಿಸುತ್ತಲೇ. "ನಮ್ಮ ಬಳ್ಳೀಲಿ ಆಗ ತಾನೇ ಹೀಚು ಕಚ್ತಾ ಇತ್ತು!"

ಇಷ್ಟು ದಿನ ಕೈನೋವು ಲೆಕ್ಕಿಸದೆ ನಾನು ಸಾಕುತ್ತಿದ್ದದ್ದು ಪಕ್ಕದ ಮನೆಯ ಬಳ್ಳಿಯನ್ನು! ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಹಾಳಾದ್ದು, ಬಹಳ ಚೆನ್ನಾಗಿತ್ತು. ಇನ್ನೂ ಸ್ವಲ್ಪ ಹಾಕಿ ಎಂದು ದೊನ್ನೆ ಮುಂದೆ ಹಿಡಿದೆ.