ಮೂರನೆಯ ಡ್ರಾವರಿನ ನಾಮಕರಣ ಸಮರ

ಡಬ್ಬಿ-ಡಬರಿಗಳ ಅಧಿದೇವತೆಯೇ, ಮುಚ್ಚಳ ಕಳೆದುಕೊಂಡ ಸಕಲ ಭರಣಿಗಳ ತಾಯಿಯೇ, ಈ ಬಡ ಕಥೆಗಾರನ ನಾಲಗೆಯ ಮೇಲೆ ಒಂದು ಗಳಿಗೆ ಬಂದು ಕುಳಿತುಕೋ. ನಾನು ಹೇಳಹೊರಟಿರುವುದು ಕೋಟೆ ಮುತ್ತಿದವರ ಕಥೆಯಲ್ಲ, ಆನೆ ಪಳಗಿಸಿದವರ ಕಥೆಯೂ ಅಲ್ಲ. ಪ್ಲಾಸ್ಟಿಕ್ ಡಬ್ಬಿಗಳು ಹಿತ್ತಾಳೆಯ ಡಬ್ಬಿಗಳನ್ನು ಅಟ್ಟಕ್ಕಟ್ಟಿ ಅಡುಗೆಮನೆಗಳ ಚಕ್ರಾಧಿಪತ್ಯವನ್ನು ಕಸಿದುಕೊಂಡ ಆ ಘೋರ ಯುಗದಲ್ಲಿ, ಗದಗ ಪಟ್ಟಣದ ಒಂದು ಸಣ್ಣ ಮನೆಯಲ್ಲಿ, ಒಂದು ಭಾನುವಾರ ಮುಂಜಾನೆಯಿಂದ ಊಟದ ಹೊತ್ತಿನವರೆಗೆ, ಒಂದೇ ಒಂದು ಪದಕ್ಕಾಗಿ ನಡೆದ ಲೋಕಭಯಂಕರ ಸಂಗ್ರಾಮವನ್ನು ಹೇಳುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಬಂದವರಿದ್ದರೆ ಈಗಲೇ ಹೋಗಿ ಇಳಿಸಿ ಬನ್ನಿ. ನಡುವೆ ಎದ್ದು ಹೋದರೆ ನನಗೆ ಸಿಟ್ಟು ಬರುತ್ತದೆ.

ಕಥಾನಾಯಕ ಗುರುಪಾದಪ್ಪ ಹೊಂಬಳ. ಚತುಸ್ಸಹಸ್ರ-ಬಿಡಿಭಾಗ-ನಾಮಧೇಯ-ಕಂಠಸ್ಥನೂ, ನಟ್ಟು-ಬೋಲ್ಟು-ಕುಲಗೋತ್ರ-ವಿಶಾರದನೂ, ಗ್ರೀಸ್-ಲಿಪ್ತ-ಕರಾರವಿಂದನೂ ಆದ ಈ ಮಹಾನುಭಾವ ಬಸ್ಸಿನ ಡಿಪೋ ಒಂದರಲ್ಲಿ ಮೂವತ್ತಾರು ವರ್ಷ ಸ್ಟೋರ್‌ಕೀಪರ್ ಆಗಿದ್ದು, ಹೋದ ವರ್ಷ ಶಾಲು-ಹಾರ ಹಾಕಿಸಿಕೊಂಡು ಮನೆಗೆ ಬಂದವನು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಅವನೊಂದು ಭೀಷಣ ಪ್ರತಿಜ್ಞೆ ಮಾಡಿದ್ದ. ಆಗ ಸ್ಟೋರಿನ ಮೂಲೆಯಲ್ಲಿ ‘ಇತರೆ’ ಎಂದು ಬರೆದ ಒಂದು ಪೆಟ್ಟಿಗೆಯಿತ್ತು. ಅಂಗಿಯ ಗುಂಡಿಯಷ್ಟಿರುವ ಒಂದು ವಾಷರ್ ಸಿಗದೆ ಒಂದು ಬಸ್ಸು ಹನ್ನೊಂದು ದಿನ ಡಿಪೋದಲ್ಲಿ ನಿಂತೇ ಇತ್ತು. ಹನ್ನೆರಡನೆಯ ದಿನ ಆ ವಾಷರ್ ಸಿಕ್ಕಿದ್ದು ‘ಇತರೆ’ ಪೆಟ್ಟಿಗೆಯ ತಳದಲ್ಲಿ. ಅಂದೇ ಆ ತರುಣವೀರನು ಪೆಟ್ಟಿಗೆಯನ್ನು ಬೋರಲು ಹಾಕಿ, ಒಳಗಿದ್ದ ಪ್ರತಿಯೊಂದಕ್ಕೂ ಹೆಸರು ಬರೆದು, ತನ್ನ ಕೈಯಿಂದ ಇನ್ನೆಂದೂ ‘ಇತರೆ’ ಎಂಬ ಮೂರಕ್ಷರ ಬರೆಯುವುದಿಲ್ಲವೆಂದು ಶಪಥಗೈದ. ಗೈದದ್ದನ್ನು ನಡೆಸಿದ ಕೂಡ, ಅದೇನು ಸಣ್ಣ ಮಾತಲ್ಲ.

ಇಂಥವನು ಮನೆಯಲ್ಲಿ ಸುಮ್ಮನೆ ಕೂತಾನೆಯೇ? ಮೊದಲ ಎರಡು ತಿಂಗಳು ಕೂತ. ಹೋಗಿಬರುವವರೆಲ್ಲ ಹೊತ್ತು ಹೇಗೆ ಕಳೆಯುತ್ತೀರಿ ಎಂದು ಕೇಳುವಾಗ, ತಾನೇ ಒಂದು ರಿಜಿಸ್ಟರಿನಿಂದ ಕಡಿಮೆಯಾದ ಸಾಮಾನು ಎಂದು ಅವನಿಗೆ ಒಳಗೊಳಗೇ ಅನಿಸತೊಡಗಿತು. ಆ ಸಂಕಟ ತಾಳಲಾರದೆ ಒಂದು ದಿನ ಎದ್ದವನೇ ಅಡುಗೆಮನೆಯ ಮೇಲೆ ದಂಡೆತ್ತಿ ಹೋದ. ಬಿಳಿ ಚೀಟಿ, ಕಪ್ಪು ಶಾಯಿ, ಗೋಂದಿನ ಬಾಟಲಿ. ಉಪ್ಪು ಶರಣಾಯಿತು, ಸಾಸಿವೆ ಕಪ್ಪ ಒಪ್ಪಿಸಿತು, ಗುರೆಳ್ಳು, ಅಗಸಿ, ಪುಟಾಣಿ ಚಟ್ನಿಪುಡಿಗಳು ಸಾಲಾಗಿ ನಿಂತು ನಾಮಾಂಕಿತವಾದವು. ಹಾಲಿನ ಪಾತ್ರೆಗೂ ‘ಹಾಲು’ ಎಂದು ಅಂಟಿಸಿದ.

ಅವನ ಹೆಂಡತಿ ನೀಲಗಂಗವ್ವ, ಜೋಳದ-ರೊಟ್ಟಿ-ತಾಡನ-ನಿಪುಣೆ, ಇದನ್ನೆಲ್ಲ ಸಹಿಸಿಕೊಂಡಳು. ಮನುಷ್ಯ ಲವಲವಿಕೆಯಿಂದ ಇದ್ದಾನಲ್ಲ ಎಂದು ಒಳಗೇ ಖುಷಿಯೂ ಪಟ್ಟಳು. ಆದರೆ ವಿಜಯ ತಲೆಗೇರಿದ ನಮ್ಮ ಸ್ಟೋರ್‌ಕೀಪರ್ ಒಂದು ತಪ್ಪು ಮಾಡಿದ. ಸ್ಟೋರ್‌ಕೀಪರ್ ಮಾತ್ರ ಮಾಡಬಹುದಾದ ತಪ್ಪು. ಯಾವ ಡಬ್ಬಿಯಿಂದ ಏನು ತೆಗೆದರೂ ಮೊದಲು ಡಿಪೋದ ರೀತಿಯಲ್ಲಿ ಇಂಡೆಂಟ್ ಚೀಟಿ, ಅಂದರೆ ಬೇಡಿಕೆ ಪತ್ರ, ಬರೆದು ಅವನ ಕೈಯಲ್ಲಿ ಸಹಿ ಮಾಡಿಸಬೇಕು ಎಂದುಬಿಟ್ಟ. ಶುಕ್ರವಾರ ಅವಳು ಹೋಳಿಗೆಗೆಂದು ಯಾಲಕ್ಕಿಗೆ ಕೈಹಾಕಿದಾಗ ಚೀಟಿ ಎಲ್ಲಿ ಎಂದು ಕೇಳಿದ.

ನೀಲಗಂಗವ್ವ ಲಟ್ಟಣಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳು ಮೆಲ್ಲಗೆ ಇಟ್ಟಾಗಲೇ ಭಯಪಡಬೇಕು. “ಎಲ್ಲಾಕ್ಕೂ ಹೆಸರ ಬರದೀರಿ, ಚಲೋ ಆತು. ಮೂರನೇ ಡ್ರಾವರಿಗೆ ಯಾಕ ಬರದಿಲ್ಲ?” ಎಂದು ಕೇಳಿದಳು.

ಒಲೆಕಟ್ಟೆಯ ಕೆಳಗಿನ ಮೂರನೆಯ ಡ್ರಾವರಿನ ಮುಂದೆ ಅವನು ಹತ್ತು ದಿನಗಳಿಂದ ನಾಲ್ಕು ಸಲ ಕೂತು ನಾಲ್ಕು ಸಲ ಎದ್ದಿದ್ದ. ಆಗ ಅವಳು ಪಣ ಕಟ್ಟಿದಳು. ಭಾನುವಾರ ತನ್ನ ತಮ್ಮ ಫಕ್ಕೀರಪ್ಪ ಮುಂಡರಗಿಯಿಂದ ಊಟಕ್ಕೆ ಬರುತ್ತಾನೆ. ಉಂಡ ಎಲೆ ಎತ್ತುವುದರೊಳಗೆ ಡ್ರಾವರಿನ ಒಳಗಿರುವುದಕ್ಕೆಲ್ಲ ಒಪ್ಪುವ ಒಂದೇ ಪದ ಸಿಕ್ಕರೆ ಇಂಡೆಂಟ್ ಚೀಟಿ, ಸಹಿ ಎಲ್ಲವನ್ನೂ ತಾನು ಒಪ್ಪುವುದು. ಸಿಗದಿದ್ದರೆ ಮನೆಯ ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕುವುದು, ಗುರುಪಾದಪ್ಪ ಫಕ್ಕೀರಪ್ಪನ ಬೇಳೆ ಮಿಲ್ಲಿಗೆ ಹೋಗಿ ವಾರಕ್ಕೆ ಆರು ದಿನ ಅಲ್ಲೇ ಇದ್ದು ಚೀಲ ನೋಡಿಕೊಳ್ಳುವುದು. ಫಕ್ಕೀರಪ್ಪ ಮೂರು ತಿಂಗಳಿಂದ ಇದನ್ನೇ ಕೇಳುತ್ತಿದ್ದ. ಮಿಲ್ಲಿನ ಬಾಗಿಲಲ್ಲಿ ಒಂದು ಕುರ್ಚಿಯನ್ನೂ ಒರೆಸಿ ಇಟ್ಟಿದ್ದನಂತೆ.

ಗುರುಪಾದಪ್ಪ ಮನಸ್ಸಿನಲ್ಲೇ ಮಿಲ್ಲಿನ ದಾಸ್ತಾನು ಎಣಿಸಿದ. ಬೇಳೆ ಮಿಲ್ಲಿನಲ್ಲಿ ಇರುವುದು ಬೇಳೆ ಒಂದೇ. ಹೆಸರಿಡುವುದಕ್ಕೆ ಅಲ್ಲಿ ಏನಿದೆ? ಅದಕ್ಕಿಂತ ಹೆಚ್ಚಾಗಿ, ವಾರದ ಆರು ದಿನ ಈ ರೊಟ್ಟಿ ಬಡಿಯುವ ಸದ್ದು ಕೇಳದೆ ಏಳುವುದು ಹೇಗೆ ಎಂಬುದು ಅವನಿಗೆ ತಿಳಿಯಲಿಲ್ಲ. ಆದರೂ ಹೂಂ ಅಂದ, ವೀರನಲ್ಲವೇ.

ಭಾನುವಾರದ ಸೂರ್ಯನು ನೆರೆಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಉದಯಿಸಲು, ಗುರುಪಾದಪ್ಪನು ಸ್ನಾನ ಮಾಡಿ, ವಿಭೂತಿ ಧರಿಸಿ, ಕಿವಿಗೆ ಪೆನ್ನು ಸಿಕ್ಕಿಸಿ, ಚಾಪೆಯ ಮೇಲೆ ವೀರಾಸನದಲ್ಲಿ ಕೂತು ಡ್ರಾವರನ್ನು ಎಳೆದ. ಅದು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಕೈ ತೂರಿಸಿ ಅಲುಗಾಡಿಸಿದ ಮೇಲೆ ಕಡಕಡ ಎಂದು ಬಾಯಿ ತೆರೆಯಿತು. ಆಹಾ, ಆ ಸೇನೆಯನ್ನು ಏನೆಂದು ಬಣ್ಣಿಸಲಿ! ಬೀಗಗಳಿಗೆ ಎರವಾದ ಏಳು ಕೀಲಿಕೈಗಳು, ಅರ್ಧ ಉರಿದು ವೈರಾಗ್ಯ ತಾಳಿದ ಮೇಣದಬತ್ತಿ, ಜೋಡಿ ಕಳೆದುಕೊಂಡ ಬೆಂಡೋಲೆ, ಪ್ರಾಣ ಹೋದ ಐದಾರು ಸೆಲ್ಲುಗಳು, ಯಾವುದೋ ಹೋಟೆಲಿನ ಸೋಂಪಿನ ಪುಡಿಕೆ, ಹಾಲಿನ ಪಾಕೀಟುಗಳಿಂದ ಬಿಚ್ಚಿದ ರಬ್ಬರ್ ಬ್ಯಾಂಡುಗಳ ಅಕ್ಷೌಹಿಣಿ, ಕುಕ್ಕರಿನ ಹಳೆಯ ಗ್ಯಾಸ್ಕೆಟ್ಟು, ಸೆಟೆದು ಅಡ್ಡಡ್ಡ ಮಲಗಿದ ಛತ್ರಿಯ ಕಡ್ಡಿ, ಮಗಳು ಒಂದನೆಯ ಇಯತ್ತೆಯಲ್ಲಿ ಬರೆಯುತ್ತಿದ್ದ ಬಳಪದ ಬೆರಳುಗುರಿನಷ್ಟು ಚೂರು. ಮಗಳಿಗೆ ಈಗ ಒಂದನೆಯ ಇಯತ್ತೆಯ ಮಗನಿದ್ದಾನೆ.

ಅತ್ತ ಒಲೆಯ ಮುಂದೆ ನೀಲಗಂಗವ್ವನ ರೊಟ್ಟಿ ಬಡಿತ ಆರಂಭವಾಯಿತು. ಅದೇ ರಣಭೇರಿ.

ಮೊದಲು ಗುರುಪಾದಪ್ಪ ‘ಉಪಕರಣ’ ಎಂಬ ಘನಗಂಭೀರ ಸಂಸ್ಕೃತ ಸೇನಾನಿಯನ್ನು ಕಳಿಸಿದ. ಅವಳು ತಿರುಗಿಯೂ ನೋಡದೆ ಸೋಂಪು ಯಾವ ಉಪಕರಣ ಎಂದು ಕೇಳಿದಳು. ಸೇನಾನಿ ಅಲ್ಲೇ ಬಿದ್ದ. ಆಗ ತನ್ನ ಮೂವತ್ತಾರು ವರ್ಷಗಳ ಪ್ರಾಣಮಿತ್ರನಾದ ‘ಬಿಡಿಭಾಗ’ವನ್ನೇ ರಣಕ್ಕಿಳಿಸಿದ. ಬೆಂಡೋಲೆಯನ್ನು ಎತ್ತಿ ಹಿಡಿದು, ಜೋಡಿಯೆಂಬ ಪೂರ್ಣ ಯಂತ್ರದ ಒಂದು ಭಾಗವೇ ಇದಾದ್ದರಿಂದ ಇದೂ ಬಿಡಿಭಾಗವೇ ಎಂದು ಕಾಲು ಗಂಟೆ ವಾದಿಸಿದ.

“ಹೌದ್ರಿ? ಯಾವ ಗಾಡಿದು?” ಎಂದಳು ನೀಲಗಂಗವ್ವ.

ಪ್ರಾಣಮಿತ್ರ ಹತನಾದ. ಶೋಕದಿಂದ ಕಣ್ಣು ಕೆಂಪಾದ ಗುರುಪಾದಪ್ಪ ಈ ಸಲ ‘ನಿರುಪಯುಕ್ತ’ ಎಂಬ ಕ್ರೂರಾಸ್ತ್ರವನ್ನು ಹೂಡಿದ. ಹೂಡುತ್ತಿರುವಾಗಲೇ ಅವಳು ಹಿಟ್ಟಿನ ಕೈಯಿಂದ ಬಂದು ಒಂದು ರಬ್ಬರ್ ಬ್ಯಾಂಡ್ ತೆಗೆದುಕೊಂಡು ಹೋಗಿ ಕೊತ್ತಂಬರಿ ಕಟ್ಟಿಗೆ ಹಾಕಿದಳು. ತಕ್ಷಣ ‘ಉಪಯುಕ್ತ’ ಎಂದು ಅಸ್ತ್ರ ತಿರುಗಿಸಿದ. ಹಾಗಾದರೆ ಆ ಸತ್ತ ಸೆಲ್ಲುಗಳನ್ನು ಗಡಿಯಾರಕ್ಕೆ ಹಾಕಿ ತೋರಿಸಿರಿ ಎಂಬ ಉತ್ತರ ಬಂತು. ಕೊನೆಗೆ ಯಾವ ಬಿಂಕವೂ ಇಲ್ಲದ ‘ಸಣ್ಣ ಸಾಮಾನು’ ಎಂಬ ಕಾಲಾಳನ್ನು ಕರೆದ. ಆ ಮಾತು ಬಾಯಿಂದ ಬೀಳುವ ಹೊತ್ತಿಗೆ, ಒಂದೂವರೆ ಅಡಿಯ ಛತ್ರಿಯ ಕಡ್ಡಿಯು ತನಗಾದ ಅವಮಾನವನ್ನು ಸಹಿಸದೆ ಚಿಮ್ಮಿ ಅವನ ಮಣಿಕಟ್ಟಿಗೆ ಚುಚ್ಚಿತು. ರಕ್ತ ಬಂತು. ಬಹಳವಲ್ಲ, ಕುಂಕುಮದ ಬೊಟ್ಟಿನಷ್ಟು. ನೀಲಗಂಗವ್ವ ಬಂದು ಅರಿಶಿನ ಒತ್ತಿ ಹೋದಳು.

ಹನ್ನೊಂದೂವರೆಗೆ ಫಕ್ಕೀರಪ್ಪ ಬಂದಿಳಿದ. ತೊಗರಿ-ಕಡಲಿ-ಹೆಸರು-ದಳನ-ದಕ್ಷನೂ, ವಿಶಾಲೋದರನೂ, ಸ್ವಭಾವತಃ ಒಳ್ಳೆಯವನೂ ಆದ ಆತನ ಕೈಯಲ್ಲಿ ದಾರ ಸುತ್ತಿದ ಬುಂದೆ ಲಾಡಿನ ಡಬ್ಬಿಯಿತ್ತು. ಚಾಪೆಯ ಮೇಲೆ ಹರಡಿದ ರಣರಂಗವನ್ನೂ, ಕೀಲಿಕೈಗಳ ನಡುವೆ ಗಾಯಗೊಂಡು ಕೂತ ಅಕ್ಕನ ಗಂಡನನ್ನೂ ನೋಡಿ ಅವನಿಗೆ ಕನಿಕರ ಉಕ್ಕಿತು.

“ಮಾಮಾರ, ‘ಇತರೆ’ ಅಂತ ಬರದ ಒಗೀರಿ. ಊಟ ಆರಾಕತ್ತೈತಿ.”

ರೊಟ್ಟಿ ಬಡಿತ ನಿಂತಿತು. ಆಗ ಗುರುಪಾದಪ್ಪನು ಎದ್ದು ನಿಂತು, ಬೆರಳನ್ನು ಆಕಾಶಕ್ಕೆತ್ತಿ, ಗಗನವು ಕುಸಿದು ನೆಲಕ್ಕೆ ಬಿದ್ದರೂ, ಭೂಮಂಡಲದ ಸಮಸ್ತ ಬಸ್ಸುಗಳು ವಾಷರಿಲ್ಲದೆ ನಿಂತರೂ, ತಾರುಣ್ಯದಲ್ಲಿ ತೈಲದ ಪೀಪಾಯಿಯನ್ನು ಮುಟ್ಟಿ ಗೈದ ಪ್ರತಿಜ್ಞೆಯನ್ನು ವಾರ್ಧಕ್ಯದಲ್ಲಿ ಭಂಗಿಸುವ ಅಧಮನು ತಾನಲ್ಲವೆಂದೂ, ಆ ಮೂರಕ್ಷರದ ಪಾತಾಳದಲ್ಲಿ ಬಿದ್ದ ವಸ್ತುವನ್ನು ಹುಡುಕುವವರೇ ಇರುವುದಿಲ್ಲವೆಂದೂ, ಹುಡುಕುವವರಿಲ್ಲದೆ ಬಿದ್ದಿರುವ ದುಃಖ ಎಂಥದೆಂಬುದನ್ನು ಈ ಒಂದು ವರ್ಷದಲ್ಲಿ ತಾನು ಬಲ್ಲೆನೆಂದೂ ಸಾರಿದನು. ಇದು ನಾನು ಹೇಳುವ ಕ್ರಮ. ಅವನ ಬಾಯಿಂದ ಬಂದದ್ದು ಇಷ್ಟೇ:

“ಇತರೆ ಬರಿಯೂದಿಲ್ಲೋ ತಮ್ಮಾ. ಅದರಾಗ ಬಿದ್ದದ್ದನ್ನ ಯಾರೂ ಹುಡುಕೂದಿಲ್ಲ.”

ಹೀಗೆಂದು ಸಾಮಾನುಗಳನ್ನೆಲ್ಲ ಮತ್ತೆ ಒಳಗೆ ತುಂಬಿ, ಪೆನ್ನಿನ ಟೊಪ್ಪಿಗೆ ಹಾಕಿ, ಸೋತೆ ಎಂದು ಒಪ್ಪಿಕೊಂಡ. ಸಂಜೆಯ ಬಸ್ಸಿಗೆ ಮುಂಡರಗಿಗೆ ಹೋಗುತ್ತೇನೆ, ಒಂದು ಚಾದರ ಕಟ್ಟಿಕೊಡು ಎಂದು ಹೆಂಡತಿಗೆ ಹೇಳಿದ. ಅವನ ದನಿ ಸಣ್ಣಗಾಗಿತ್ತು. ನೀಲಗಂಗವ್ವನಿಗೆ ಗೆದ್ದ ಸಂತೋಷ ಬರಲಿಲ್ಲ. ಆದರೆ ಆಡಿದ ಮಾತು ಅವಳದೇ, ತಮ್ಮ ಬೇರೆ ಎದುರಿಗಿದ್ದಾನೆ. ಸುಮ್ಮನೆ ಎಲೆ ಹಾಕಿದಳು.

ರೊಟ್ಟಿ, ಎಣಗಾಯಿ, ಅನ್ನ, ಸಾರು. ಇಬ್ಬರು ಗಂಡಸರು ಉಣ್ಣುತ್ತಿದ್ದರು. ಅನ್ನಕ್ಕೆ ಬಂದಾಗ ಲಾಡು ಬಡಿಸೋಣವೆಂದು ಅವಳು ಡಬ್ಬಿಯ ದಾರ ಬಿಚ್ಚಿದಳು. ಫಕ್ಕೀರಪ್ಪ ಆ ದಾರವನ್ನು ಕಿಟಕಿಯಾಚೆ ಒಗೆಯಲು ಎಡಗೈ ಚಾಚಿದ. ಅವಳು ಕೊಡಲಿಲ್ಲ. ನಾಲ್ಕು ಬೆರಳಿಗೆ ದಾರವನ್ನು ಅಚ್ಚುಕಟ್ಟಾಗಿ ಸುತ್ತಿ, ಗಂಟು ಹಾಕಿ, ಮೊಣಕಾಲಿನಿಂದ ಮೂರನೆಯ ಡ್ರಾವರನ್ನು ಎಳೆದು ಒಳಗೆ ಹಾಕಿದಳು.

“ಇರ್ಲಿ, ಬೇಕಾಗ್ತೈತಿ,” ಎಂದಳು.

ಗುರುಪಾದಪ್ಪನ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಶ್ರೋತೃಗಳೇ, ಕಾಲವೇ ನಿಂತಿತು ಎನ್ನಿ. ಮೂವತ್ತೆಂಟು ವರ್ಷಗಳಿಂದ ಈ ಮಾತನ್ನು ಅವನು ದಿನಕ್ಕೆರಡು ಸಲ ಕೇಳಿದ್ದ. ಗಡಿಯಾರದ ಟಿಕ್ಕನ್ನು ಕೇಳುವ ಹಾಗೆ, ಕೇಳದ ಹಾಗೆ. ಬೀಗ ಮುರಿದ ದಿನ ಕೀಲಿಕೈಗೆ, ಕರೆಂಟು ಬಂದಾಗ ಮೇಣದಬತ್ತಿಗೆ, ಬೆಂಡೋಲೆ ಕಳೆದು ಅತ್ತ ಸಂಜೆ ಉಳಿದ ಇನ್ನೊಂದಕ್ಕೆ ಅವಳು ಹೇಳಿದ್ದು ಅದನ್ನೇ ಅಲ್ಲವೇ? ಇಡೀ ಸೇನೆಯಲ್ಲಿ ಆ ಬಾಗಿಲನ್ನು ಬೇರೆ ಮಾತಿನಿಂದ ದಾಟಿದ ಒಬ್ಬನೇ ಒಬ್ಬ ಸೈನಿಕನಿರಲಿಲ್ಲ.

ಅವನು ಎಡಗೈಯಿಂದಲೇ ಕಿಸೆಯ ಚೀಟಿ ತೆಗೆದು, ಸೊಟ್ಟಸೊಟ್ಟ ಅಕ್ಷರಗಳಲ್ಲಿ ಬರೆದ: ‘ಇರಲಿ’.

ಗೋಂದು ಎಂದೋ ಮುಗಿದಿತ್ತು. ಎಲೆಯಿಂದ ನಾಲ್ಕು ಅಗುಳು ಅನ್ನ ಹಿಸುಕಿ ಚೀಟಿಯ ಬೆನ್ನಿಗೆ ಸವರಿ ಡ್ರಾವರಿನ ಹಣೆಗೆ ಒತ್ತಿದ. ಇದೂ ಒಂದು ಹೆಸರೇನು ಎಂದು ಫಕ್ಕೀರಪ್ಪ ತಕರಾರು ತೆಗೆದ. ಗುರುಪಾದಪ್ಪ ವಾದಿಸಲಿಲ್ಲ. ಡ್ರಾವರಿನಿಂದ ಒಂದೊಂದನ್ನೇ ಎತ್ತಿ ಹಿಡಿದು, ಇದನ್ನು ಹಾಕುವಾಗ ಏನೆಂದಿದ್ದೆ ಎಂದು ಹೆಂಡತಿಯನ್ನು ಕೇಳಿದ. ಸೋಂಪಿಗೆ ಅವಳು ನಕ್ಕು ಒಪ್ಪಿದಳು. ಸೆಲ್ಲುಗಳಿಗೆ ನಾಚಿ ಒಪ್ಪಿದಳು. ಬಳಪದ ಚೂರು ಬಂದಾಗ ಅದನ್ನು ಅವನ ಕೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದಳು.

“ಇದಕ್ಕೂ ಅದನ್ನ ಅಂದಿದ್ದೆ,” ಎಂದಳು.

ಪಣ ಗೆದ್ದಂತಾಯಿತು. ದೇವದುಂದುಭಿ ಮೊಳಗಲಿಲ್ಲ, ನೆರೆಮನೆಯ ಕುಕ್ಕರು ಒಂದು ಸೀಟಿ ಹಾಕಿತು. ವಿಜಯಿಯಾದ ಗುರುಪಾದಪ್ಪ ಉದಾರನಾಗಿ ಇಂಡೆಂಟ್ ಚೀಟಿಯ ಕಾನೂನನ್ನು ತಾನೇ ರದ್ದು ಮಾಡಿದ. ಹಾಗೆ ಮಾಡದಿದ್ದರೆ ಲಾಡು ಸಿಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಫಕ್ಕೀರಪ್ಪನಿಗೆ ಮಾತ್ರ ತನ್ನ ಒರೆಸಿಟ್ಟ ಕುರ್ಚಿಯದೇ ಚಿಂತೆ.

“ಹಂಗಾರ ಅಕ್ಕಾ, ಮಾಮಾರ್ನ ಏನ ಮಾಡ್ತಿ? ಇಲ್ಲೇ ಇಟ್ಕೋತಿ?”

ನೀಲಗಂಗವ್ವ ಗಂಡನ ಎಲೆಗೆ ಎರಡನೆಯ ಲಾಡು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

“ಇರ್ಲಿ ಬಿಡೋ. ಬೇಕಾಗ್ತಾರ.”

ಚತುಸ್ಸಹಸ್ರ-ಬಿಡಿಭಾಗ-ನಾಮಧೇಯ-ಕಂಠಸ್ಥನು ತಲೆ ತಗ್ಗಿಸಿ ಲಾಡು ತಿಂದ. ಸಾರು ಖಾರವಾಗಿದೆಯೆಂದು ಕಣ್ಣು ಒರೆಸಿಕೊಂಡ. ಅಂದಿನ ಸಾರಿಗೆ ಖಾರ ಕಡಿಮೆಯಾಗಿತ್ತು ಎಂದು ಫಕ್ಕೀರಪ್ಪ ಆಮೇಲೆ ಹೇಳಿದ.

ಸಂಜೆಯ ಹೊತ್ತಿಗೆ ಅಗುಳು ಒಣಗಿ, ಆ ಜಗದ್ವಿಖ್ಯಾತ ಚೀಟಿ ಉದುರಿ ನೆಲಕ್ಕೆ ಬಿತ್ತು. ಕಸ ಗುಡಿಸುತ್ತ ಬಂದ ನೀಲಗಂಗವ್ವ ಅದನ್ನು ಎತ್ತಿ, ಮಣ್ಣು ಕೊಡವಿ, ಹಿಂದೆ ಮುಂದೆ ನೋಡಿ, ಮೂರನೆಯ ಡ್ರಾವರ್ ಎಳೆದು ಒಳಗೆ ಹಾಕಿದಳು.