ಬಾಲ್ದೊಮೆರೊನ ಕತ್ತೆಯ ಗಂಟೆ

ಸತೂರಿಯೊ ಮಧ್ಯಾಹ್ನದ ನಿದ್ದೆಗೆ ತಣ್ಣನೆಯ ಜಾಗ ಹುಡುಕಿದ್ದೇ ತಪ್ಪಾಯಿತು. ಊರಿಗೆಲ್ಲ ಸೇರಿದ ಹುಲ್ಲುಗಾವಲಿನಲ್ಲಿ ಒಳ್ಳೆಯ ನೆರಳಿನ ಓಕ್ ಮರ ಇದ್ದದ್ದು ಬೇಲಿ ಹಾಕಿ ಬಂದ್ ಮಾಡಿದ ತುಂಡಿನಲ್ಲಿ. ಕುರಿ, ದನ, ಹಂದಿ ಸೇರಿ ಒಂದು ಎಳೆಯ ಓಕ್ ಸಸಿಯನ್ನೂ ಮೇಲೇಳಲು ಬಿಡುತ್ತಿಲ್ಲವೆಂದು ಊರವರೇ ಸಭೆ ಸೇರಿ ಆ ತುಂಡಿಗೆ ಬಿಡುವು ಕೊಟ್ಟಿದ್ದರು. ಈ ವರ್ಷ ಅದನ್ನು ಕಾಯುವ ಸರದಿ ಸತೂರಿಯೊನದು. ಕಾಯಬೇಕಾದವನು ಬೇಸಿಗೆಯಿಡೀ ಒಳಗೆ ಮಲಗಿದ. ಹೊರಬರುವಾಗೆಲ್ಲ ಗೇಟಿನ ತಂತಿಯ ಕುಣಿಕೆ ಹಾಕಲು ಮರೆತ.

ಅವನ ಕತ್ತೆ ಪಲೋಮ ಮಾತ್ರ ಮರೆಯಲಿಲ್ಲ. ರಾತ್ರಿಯೆಲ್ಲ ಒಳಗೆ ಮೇಯ್ದು ಬೆಳಿಗ್ಗೆ ಸಾಧುವಿನ ಹಾಗೆ ಮನೆಗೆ ಬರುತ್ತಿತ್ತು. ‘ಒಣಹುಲ್ಲು ತಿಂದು ಇಷ್ಟು ಮೈ ಬಂತಲ್ಲ’ ಎಂದು ಹೆಂಡತಿ ಓಬ್ದುಲಿಯ ಹೆಮ್ಮೆಪಟ್ಟಿದ್ದಳು. ಆದರೆ ಇವತ್ತು ಪಲೋಮ ಮನೆಗೆ ಬರಲಿಲ್ಲ. ಸತೂರಿಯೊ ಹುಡುಕಿಕೊಂಡು ಹೋದರೆ, ದೊಡ್ಡ ಮರದ ಕೆಳಗೆ ಅವನದೇ ನಿದ್ದೆಯ ಜಾಗದಲ್ಲಿ ಅದು ಮಲಗಿತ್ತು.

ಸಸಿ ನೋಡಲು ಅರಣ್ಯದ ಅಧಿಕಾರಿ ಬರುವುದು ಇವತ್ತೇ ಸಂಜೆ. ಊರಸಭೆಯ ಕಟ್ಟಳೆಯಂತೆ ಒಳಗೆ ಯಾರ ಪ್ರಾಣಿ ಸಿಕ್ಕಿತೋ, ಅವರ ಹಂದಿಗಳಿಗೆ ಈ ಚಳಿಗಾಲ ಓಕ್ ಕಾಯಿ ಇಲ್ಲ. ಓಕ್ ಕಾಯಿ ತಿನ್ನದ ಹಂದಿಯ ತೊಡೆಯನ್ನು ಆ ಊರಿನಲ್ಲಿ ನಾಯಿಯೂ ಮೂಸದು. ಓಬ್ದುಲಿಯ ಆಗಲೇ ಸಾಸೇಜಿಗೆಂದು ಕೆಂಪುಮೆಣಸಿನ ಪುಡಿ ತಂದಿಟ್ಟಿದ್ದಳು.

ಬಾರ್ಲಿ ತೋರಿಸಿದ. ಹಗ್ಗ ಹಿಡಿದು ಎಳೆದ. ಹಿಂದಿನಿಂದ ಭುಜ ಕೊಟ್ಟು ನೂಕಿದ. ಪಲೋಮ ಎದ್ದು ನಿಂತಿತು, ಅಷ್ಟೇ. ಆಮೇಲೆ ಚರ್ಚಿನ ಕಂಬದ ಹಾಗೆ ನಿಂತೇ ಇತ್ತು. ಕೊರಳ ಗಂಟೆ ಮಾತ್ರ ಊರಿಗೆಲ್ಲ ಸುದ್ದಿ ಸಾರುತ್ತಿತ್ತು.

ಕಲ್ಲುಗೋಡೆಯಾಚೆ ಕೋಳಿಗೆ ಕಾಳು ಹಾಕುತ್ತಿದ್ದ ಲಿಬ್ರಾದಳ ತಲೆ ಮೇಲೆದ್ದಿತು.

“ಸತೂರಿಯೊ, ನಿನ್ನ ಪಲೋಮನ ಗಂಟೆ ಕೇಳಿಸ್ದಂಗಾಯ್ತಲ್ಲೋ.”

“ಗಾಳಿ, ಲಿಬ್ರಾದಕ್ಕ.”

“ಒಂದೆಲೆ ಅಲ್ಲಾಡ್ತಿಲ್ಲ.”

ಸತೂರಿಯೊ ಬಗ್ಗಿ ಗಂಟೆಯೊಳಗೆ ಹುಲ್ಲು ತುರುಕಿದ.

“ಈಗ್ಯಾಕೆ ಸುಮ್ನಾಯ್ತು?” ಎಂದಳು ಲಿಬ್ರಾದ.

ಆ ಊರಿನಲ್ಲಿ ಪ್ರಾಣಿಯ ಮುಖ ಯಾರು ನೋಡುತ್ತಾರೆ? ಗುರುತೆಲ್ಲ ಗಂಟೆಯದು. ತನ್ನ ಮಗುವಿನ ಅಳುವನ್ನು ತಪ್ಪಾಗಿ ತಿಳಿದಾರು, ಪಕ್ಕದ ಮನೆಯ ಮೇಕೆಯ ಗಂಟೆಯ ಗುರುತು ತಪ್ಪಲಾರರು. ಇದು ಹೊಳೆದದ್ದೇ ತಡ, ಸತೂರಿಯೊ ಪಲೋಮನ ಗಂಟೆ ಬಿಚ್ಚಿ ಜೇಬಿಗಿಳಿಸಿ, ಬಾರಿನ ಕಡೆ ಓಡಿದ.

ಬಾರಿನ ಮುಂದೆ ನೆರೆಮನೆಯ ಬಾಲ್ದೊಮೆರೊನ ಮುದಿ ಕತ್ತೆಯನ್ನು ಕಟ್ಟಿಹಾಕಲಾಗಿತ್ತು. ಒಳಗೆ ಬಾಲ್ದೊಮೆರೊ ಇಸ್ಪೀಟು ಹಿಡಿದು ಕೂತಿದ್ದ.

“ಏನ್ ದೊರೆ, ಸಸಿಗೆಲ್ಲ ಜೋಗುಳ ಹಾಡಿ ಆಯ್ತಾ?”

“ಆಯ್ತಪ್ಪ. ನೀನು ಆಡು, ಆಡು.”

ಮುದಿ ಕತ್ತೆ ಅವನ ಮೊಣಕೈಯನ್ನು ಎರಡು ಸಲ ಕಚ್ಚಿತು. ಆದರೂ ಗಂಟೆ ಕೈಗೆ ಬಂತು. ಅದು ಪಲೋಮನ ಕೊರಳಿಗೆ ಬೀಳುವ ಹೊತ್ತಿಗೆ ಊರಿನ ಮುಖ್ಯಸ್ಥ ಸೆಲೆದೋನಿಯೊ, ಅಧಿಕಾರಿ ನೀವೆಸ್‌ಳನ್ನು ಕರೆದುಕೊಂಡು ಗೇಟಿನ ಹತ್ತಿರ ಬಂದಿದ್ದ. ಹಿಂದೆ ಅರ್ಧ ಊರು, ಇಸ್ಪೀಟು ಬಿಟ್ಟು ಬಂದ ಬಾಲ್ದೊಮೆರೊನೂ ಸೇರಿ.

ದೊಡ್ಡ ಮರದ ಬುಡದ ಪೊದೆಯ ಹಿಂದಿನಿಂದ ಗಂಟೆ ಠಣ್ ಎಂದಿತು. ಎಲ್ಲರ ತಲೆ ಒಟ್ಟಿಗೆ ತಿರುಗಿತು.

“ಬಾಲ್ದೊಮೆರೊ ಕತ್ತೆ,” ಎಂದಳು ಲಿಬ್ರಾದ, ತೀರ್ಪು ಕೊಟ್ಟಂತೆ.

“ನಂದಲ್ಲ ಕಣಕ್ಕ, ನಂದು ಬಾರ್ ಮುಂದೆ ಇದೆ,” ಎಂದ ಬಾಲ್ದೊಮೆರೊ, ಬೆವರುತ್ತ.

“ಕಿವಿ ಸುಳ್ಳು ಹೇಳುತ್ತೇನಯ್ಯ?” ಅಷ್ಟರಲ್ಲಿ ಗೋಡೆ ಹಾರಿ ಗುಂಪು ಸೇರಿದ್ದ ಸತೂರಿಯೊ ಮುಂದೆ ಬಂದ. “ಕಾವಲಿನವನು ನಾನು, ಮುಚ್ಚಿಡಬಾರ್ದು. ಬೇಸಿಗೆಯಿಂದ ದಿನಾ ರಾತ್ರಿ ಇವನ ಕತ್ತೆ ಇಲ್ಲೇ ಮೇಯ್ತಾ ಇದೆ. ನೆರೆಯವನು ಅಂತ ಸುಮ್ನಿದ್ದೆ.”

ನೀವೆಸ್ ಒಳಗೆ ಹೋದಳು. ಅಲ್ಲಲ್ಲಿ ಕೂತು ಹುಲ್ಲು ಸರಿಸಿ ನೋಡಿದಳು. ಸತೂರಿಯೊ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಜೇಬಿನ ಗಂಟೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ.

“ಬೇಲಿ ಹಾಕಿ ನೀವು ಅರ್ಧ ಕೆಲಸ ಮಾಡಿದ್ರಿ,” ಎಂದಳು ನೀವೆಸ್ ವಾಪಸು ಬಂದು. “ಆ ಮೂಲೇಲಿ ಒಣಹುಲ್ಲು ಸೊಂಟದ ತನಕ ಇದೆ. ಒಂದು ಕಿಡಿ ಬಿದ್ರೆ ಸಸಿಯೆಲ್ಲ ಬೂದಿ. ದೊಡ್ಡ ಮರದ ಸುತ್ತ ನೋಡಿ, ಹುಲ್ಲು, ಮುಳ್ಳುಗಿಡ ಮಾತ್ರ ಹೋಗಿದೆ, ಸಸಿ ನಿಂತಿದೆ. ಹಿಂಡು ಬಿಟ್ಟಿದ್ರೆ ಬೋಳಾಗ್ತಿತ್ತು. ಒಂದೇ ಕತ್ತೆ, ಹದವಾಗಿ ಮೇದಿದೆ. ಇದನ್ನ ಬಿಟ್ಟವರು ಯಾರೋ, ಈ ಊರಲ್ಲಿ ಬುದ್ಧಿವಂತರು ಅವರೊಬ್ರೇ.”

ಸೆಲೆದೋನಿಯೊ ಗಂಟಲು ಸರಿಮಾಡಿಕೊಂಡ. “ಹಾಗಾದ್ರೆ ಈ ಸಲ ಓಕ್ ಕಾಯಿಗೆ ಮೊದಲು ಮರ ಆರಿಸೋ ಹಕ್ಕು ಬಾಲ್ದೊಮೆರೊಂದು.”

ಅಷ್ಟರಲ್ಲಿ ಪಲೋಮ ಪೊದೆಯಿಂದ ಹೊರಬಂತು. ಬಾಲ್ದೊಮೆರೊ ಕತ್ತೆಯನ್ನು ನೋಡಿದ. ಸತೂರಿಯೊನನ್ನು ನೋಡಿದ. ಆಮೇಲೆ ಕತ್ತೆಯ ಕೊರಳು ತಬ್ಬಿದ.

“ನನ್ ಕಂದ. ಕೈಯಾರೆ ಸಾಕಿದ್ದು.”

“ಅದು…” ಎಂದ ಸತೂರಿಯೊ.

“ಏನದು?” ಎಂದ ಸೆಲೆದೋನಿಯೊ.

“ಏನಿಲ್ಲ. ಒಳ್ಳೆ ಕತ್ತೆ ಅಂದೆ.”

ಬೆಳಿಗ್ಗೆಯಿಂದ ಸತೂರಿಯೊ ಎಳೆದರೂ ಒಂದು ಹೆಜ್ಜೆ ಎತ್ತದ ಪಲೋಮ, ಬಾಲ್ದೊಮೆರೊನ ಹಿಂದೆ ಮದುಮಗಳ ಹಾಗೆ ತಲೆ ತಗ್ಗಿಸಿ ಹೋಯಿತು.

ಬಾರಿನ ಮುಂದೆ ಉಳಿದದ್ದು ಮುದಿ ಕತ್ತೆ; ಸತೂರಿಯೊ ಅದನ್ನೇ ಹಿಡಿದು ಮನೆಗೆ ನಡೆದ. ದಾರಿಯುದ್ದಕ್ಕೂ ಅದು ಸತೂರಿಯೊನ ಅಂಗಿ ಜಗ್ಗಿತು. ಜಗ್ಗಿದಾಗೆಲ್ಲ ಜೇಬಿನಲ್ಲಿ, ತುರುಕಿದ ಹುಲ್ಲು ಉದುರಿಹೋಗಿದ್ದ ಪಲೋಮನ ಗಂಟೆ ಠಣ್ ಎಂದಿತು. ಆ ಸದ್ದಿಗೆ ಓಬ್ದುಲಿಯ, “ಬಂದ್ಯಾ ನನ್ನವ್ವ,” ಎನ್ನುತ್ತ ಬಾರ್ಲಿಯ ಬುಟ್ಟಿ ಹಿಡಿದು ಬಾಗಿಲಿಗೆ ಬಂದಳು. ಹೊಸಿಲಲ್ಲೇ ನಿಂತು ಇಬ್ಬರನ್ನೂ ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಗಂಟೆ ನಮ್ದೇ ಸರಿ,” ಎಂದಳು. “ಈ ಎರಡು ಕತ್ತೆ ಯಾರ್ವು?”